ನವಿಲಿನ ಪಕ್ಕ ನಿಂತವಳು ರಾಣಿಯೋ, ದೇವಿಯೋ?

ಪ್ರಶ್ನೆ: ಜರ್ಮನಿಯಲ್ಲಿರುವ ಅಳಿಯ ಈ ಸಲ ಊರಿಗೆ ಬಂದಾಗ ನನಗೊಂದು ಹಳೆಯ ರೋಮನ್ ಕಂಚಿನ ನಾಣ್ಯ ತಂದುಕೊಟ್ಟರು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ 24 ಗ್ರಾಂ ತೂಗುತ್ತದೆ. ಅಗಲ 31 ಮಿಲಿಮೀಟರ್. ಒಂದು ಕಡೆ ತುರುಬು ಕಟ್ಟಿದ ಹೆಂಗಸಿನ ಮುಖ, ಸುತ್ತ ‘ಎಫ್ ಎ ವಿ ಎಸ್ ಟಿ ಐ ಎನ್ ಎ’, ಆಮೇಲೆ ‘ಎ ವಿ ಜಿ ವಿ ಎಸ್ ಟಿ ಎ’ ಎಂದು ಅಕ್ಷರಗಳಿವೆ. ಇನ್ನೊಂದು ಕಡೆ ನಿಂತಿರುವ ಹೆಂಗಸು, ಕಾಲ ಹತ್ತಿರ ನವಿಲು, ಆಚೀಚೆ ದೊಡ್ಡದಾಗಿ ‘ಎಸ್’ ಮತ್ತು ‘ಸಿ’. ನವಿಲು ನೋಡಿ ನನಗೆ ಸರಸ್ವತಿ ನೆನಪಾದಳು. ಇವಳು ರಾಣಿಯೋ, ದೇವಿಯೋ? ನಾಣ್ಯ ಅಸಲಿಯಾ? ಚಿತ್ರದುರ್ಗದಲ್ಲೂ ರೋಮನ್ ನಾಣ್ಯ ಸಿಕ್ಕಿವೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ, ಹೌದಾ? ಅಲ್ಲಲ್ಲಿ ಕಿಲುಬು ಹಿಡಿದಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಫಳಫಳ ಅನ್ನುತ್ತದೆ ಅಂತ ನಮ್ಮತ್ತೆ ಹೇಳುತ್ತಿದ್ದಾರೆ. ತಿಕ್ಕಲಾ?
ಓದುಗರೊಬ್ಬರು, ಶಿರಸಿ

ಉತ್ತರ: ಮೊದಲು ಕೊನೆಯ ಪ್ರಶ್ನೆಗೇ ಬರುತ್ತೇನೆ, ಯಾಕಂದ್ರೆ ಅದು ಅರ್ಜೆಂಟು. ತಿಕ್ಕಬೇಡಿ. ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ದೇವರ ದೀಪಕ್ಕೆ, ನೀರಿನ ಬಿಂದಿಗೆಗೆ ಅವರ ಮಾತು ನೂರಕ್ಕೆ ನೂರು ಸರಿ. ಈ ನಾಣ್ಯಕ್ಕೆ ಮಾತ್ರ ಹುಣಸೆಹಣ್ಣು ಸೋಕಿಸುವುದು ಬೇಡ. ಯಾಕೆ ಅನ್ನೋದನ್ನು ಕೊನೆಗೆ ಹೇಳುತ್ತೇನೆ. ಅಲ್ಲಿವರೆಗೆ ಒಣಗಿದ ಜಾಗದಲ್ಲಿ ಇಟ್ಟಿರಿ.

ಈಗ ಹೆಂಗಸಿನ ವಿಷಯ. ಒಬ್ಬಳಲ್ಲ, ಇಬ್ಬರಿದ್ದಾರೆ. ಮುಖ ಇರುವ ಕಡೆ ರಾಣಿ, ನವಿಲು ಇರುವ ಕಡೆ ದೇವಿ. ಒಂದು ಸಾಲಿನ ಉತ್ತರ ಬೇಕಿದ್ದರೆ ಇಷ್ಟೇ. ಆದರೆ ನಿಮಗೆ ಬಂದ ಗೊಂದಲ ಇದೆಯಲ್ಲ, ಅದು ನಿಮ್ಮ ತಪ್ಪಲ್ಲ. ನೋಡಿದವರಿಗೆ ಆ ಗೊಂದಲ ಒಂದಿಷ್ಟು ಬರಲಿ ಅಂತಲೇ ಇಬ್ಬರನ್ನೂ ಒಂದೇ ಬಿಲ್ಲೆಯ ಎರಡು ಮಗ್ಗುಲಲ್ಲಿ ಇಟ್ಟಿದ್ದಾರೆ.

ಅಕ್ಷರ ಓದೋಣ. ರೋಮಿನವರಿಗೆ ‘ಯು’ ಮತ್ತು ‘ವಿ’ ಬೇರೆ ಬೇರೆ ಇರಲಿಲ್ಲ, ಎರಡಕ್ಕೂ ‘ವಿ’ಯನ್ನೇ ಕೆತ್ತುತ್ತಿದ್ದರು. ಹಾಗಾಗಿ ನೀವು ಬರೆದು ಕಳಿಸಿದ್ದು ‘ಫೌಸ್ಟಿನಾ ಆಗಸ್ಟಾ’. ಫೌಸ್ಟಿನಾ ಹೆಸರು, ಆಗಸ್ಟಾ ಬಿರುದು. ಇನ್ನೊಂದು ಬದಿಯಲ್ಲಿ ಅಂಚಿನ ಹತ್ತಿರ ‘ಐ ವಿ ಎನ್ ಒ’ ಅಂತ ನಾಲ್ಕು ಅಕ್ಷರ ಇರಬೇಕು, ಭೂತಗನ್ನಡಿ ಹಿಡಿದು ನೋಡಿ. ಲ್ಯಾಟಿನ್‌ನಲ್ಲಿ ‘ಜೆ’ ಅಕ್ಷರವೂ ಇರಲಿಲ್ಲ. ಅದು ‘ಜೂನೊ’. ದೇವತೆಗಳ ರಾಜ ಜೂಪಿಟರ್‌ನ ಹೆಂಡತಿ, ಮದುವೆಯಾದ ಹೆಂಗಸರನ್ನು ಕಾಯುವವಳು. ಎಡಕ್ಕೆ ತಿರುಗಿ ನಿಂತು, ಒಂದು ಕೈಯಲ್ಲಿ ಪೂಜೆಯ ಚಪ್ಪಟೆ ಬಟ್ಟಲು, ಇನ್ನೊಂದರಲ್ಲಿ ಉದ್ದನೆಯ ರಾಜದಂಡ ಹಿಡಿದಿರುತ್ತಾಳೆ. ನವಿಲು ಅವಳ ಹಕ್ಕಿ. ನೂರು ಕಣ್ಣಿನ ಕಾವಲುಗಾರ ಆರ್ಗಸ್ ಸತ್ತಾಗ ಅವನ ಕಣ್ಣುಗಳನ್ನೆಲ್ಲ ತೆಗೆದು ಜೂನೊ ನವಿಲಿನ ಬಾಲಕ್ಕೆ ಅಂಟಿಸಿದಳು ಅನ್ನುವುದು ಅವರ ಕಥೆ. ಹಕ್ಕಿ ಮಾತ್ರ ಮೂಲದಲ್ಲಿ ನಮ್ಮ ದೇಶದ್ದೇ. ಪರ್ಷಿಯಾ, ಗ್ರೀಸ್ ದಾಟಿ ರೋಮಿಗೆ ಹೋದದ್ದು. ಹಾಗಾಗಿ ನಿಮಗೆ ಸರಸ್ವತಿ ನೆನಪಾದದ್ದರಲ್ಲಿ ಆಶ್ಚರ್ಯ ಏನಿಲ್ಲ.

ಫೌಸ್ಟಿನಾ ಹೆಸರಿನವರು ಇಬ್ಬರು, ತಾಯಿ ಮತ್ತು ಮಗಳು. ತಾಯಿ, ಚಕ್ರವರ್ತಿ ಆಂಟೊನಿನಸ್ ಪಯಸ್‌ನ ಹೆಂಡತಿ. ಮಗಳು, ಆಮೇಲೆ ಚಕ್ರವರ್ತಿಯಾದ ಮಾರ್ಕಸ್ ಆರೀಲಿಯಸ್‌ನ ಹೆಂಡತಿ. ನಾಣ್ಯದಲ್ಲಿ ಇವರಿಬ್ಬರನ್ನು ಬೇರೆ ಮಾಡಲು ಸುಲಭದ ಗುರುತು ಕೂದಲು. ತಾಯಿಯದು ಜಡೆಗಳನ್ನು ನೆತ್ತಿಯ ಮೇಲಕ್ಕೆ ಎತ್ತಿ ಸುತ್ತಿದ ತುರುಬು, ದೂರದಿಂದ ನೋಡಿದರೆ ತಲೆ ಮೇಲೆ ಸಿಂಬಿ ಇಟ್ಟ ಹಾಗೆ ಕಾಣುತ್ತದೆ. ಮಗಳದು ಅಲೆಅಲೆಯಾಗಿ ಬಾಚಿ ತಲೆಯ ಹಿಂದೆ ಕಟ್ಟಿದ ತುರುಬು. ನಿಮ್ಮ ಫೋಟೊದಲ್ಲಿ ತುರುಬು ಹಿಂದಿದೆ. ಅಂದರೆ ಮಗಳು. ಅಕ್ಷರ ಪೂರ್ತಿ ಸವೆದು ಹೋದ ನಾಣ್ಯದಲ್ಲೂ ತುರುಬು ಉಳಿದಿರುತ್ತದೆ. ಸಂಗ್ರಾಹಕರು ಮೊದಲು ಅದನ್ನೇ ನೋಡುವುದು. ರಾಣಿ ತುರುಬು ಬದಲಿಸಿದರೆ ಊರ ಹೆಂಗಸರೂ ಬದಲಿಸುತ್ತಿದ್ದರು. ಹಾಗಾಗಿ ಆ ಕಾಲದ ಕಲ್ಲಿನ ಮೂರ್ತಿಗಳ ಕಾಲ ಗೊತ್ತು ಮಾಡಲೂ ಈ ನಾಣ್ಯಗಳೇ ಆಧಾರ.

ಇನ್ನು ಹೆಸರಿನ ಮುಂದೆ ಹಿಂದೆ ಏನಿದೆ ಅನ್ನುವುದು. ನನಗೆ ಈ ನಾಣ್ಯಗಳಲ್ಲಿ ತುಂಬ ಇಷ್ಟವಾಗುವ ಭಾಗ ಇದು. ಮಗಳು ಫೌಸ್ಟಿನಾಗೆ ಮಾರ್ಕಸ್ ಜೊತೆ ಮದುವೆಯಾದದ್ದು ಕ್ರಿ.ಶ. 145ರಲ್ಲಿ. 147ರಲ್ಲಿ ಮೊದಲ ಮಗು ಹುಟ್ಟಿತು, ಅಪ್ಪ ಅವಳಿಗೆ ‘ಆಗಸ್ಟಾ’ ಬಿರುದು ಕೊಟ್ಟ. ಗಂಡ ಆಗಿನ್ನೂ ಬರೀ ‘ಸೀಸರ್’, ಅಂದರೆ ಯುವರಾಜ. ಬಿರುದಿನಲ್ಲಿ ಹೆಂಡತಿಯೇ ಮೇಲೆ! ಆ ಕಾಲದ ನಾಣ್ಯಗಳಲ್ಲಿ ಹೆಚ್ಚಾಗಿ ‘ಫೌಸ್ಟಿನಾ ಆಗಸ್ಟಾ, ಪಯಸ್ ಆಗಸ್ಟಸ್‌ನ ಮಗಳು’ ಎಂದು ಇರುತ್ತದೆ. 161ರಲ್ಲಿ ಅಪ್ಪ ತೀರಿಕೊಂಡು ಗಂಡ ಪಟ್ಟಕ್ಕೆ ಬಂದ ಮೇಲೆ ‘ಮಗಳು’ ಅನ್ನುವುದು ಬಿದ್ದುಹೋಗಿ ಬರೀ ‘ಫೌಸ್ಟಿನಾ ಆಗಸ್ಟಾ’ ಉಳಿಯುತ್ತದೆ. ನಿಮ್ಮದು ಈ ಗುಂಪಿನದು. ಅಂದರೆ 161ರಿಂದ 175ರ ಒಳಗೆ, ರೋಮಿನ ಟಂಕಸಾಲೆಯಲ್ಲಿ ಅಚ್ಚು ಹೊಡೆದದ್ದು. ಅವಳು ಸತ್ತ ಮೇಲಿನ ನಾಣ್ಯಗಳಲ್ಲಿ ಹೆಸರಿನ ಮುಂದೆ ‘ದಿವಾ’ ಬರುತ್ತದೆ. ದೇವಿಯಾದವಳು ಅಂತ ಅರ್ಥ. ನಮ್ಮ ‘ದೇವ’, ಅವರ ‘ದಿವಾ’ ಎರಡೂ ಒಂದೇ ಬೇರಿನ ಮಾತುಗಳು.

ಮಗಳು, ರಾಣಿ, ದೇವಿ. ಮೂರು ನಾಣ್ಯ ಸಾಲಾಗಿ ಇಟ್ಟರೆ ಒಬ್ಬ ಹೆಂಗಸಿನ ಇಡೀ ಬದುಕು ಸರ್ಕಾರಿ ಭಾಷೆಯಲ್ಲಿ ಓದಬಹುದು. ಅವಳಿಗೆ ಏನು ಇಷ್ಟ, ಏನು ಕಷ್ಟ ಅನ್ನುವುದು ಎಲ್ಲೂ ಇಲ್ಲ.

ಕಷ್ಟ ಇರಲಿಲ್ಲ ಅಂತಲ್ಲ. ಫೌಸ್ಟಿನಾ ಕಡಿಮೆ ಅಂದರೂ ಹನ್ನೆರಡು ಮಕ್ಕಳನ್ನು ಹೆತ್ತಳು. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಚಿಕ್ಕಂದಿನಲ್ಲೇ ಹೋದವು. ಗಂಡುಮಕ್ಕಳಲ್ಲಿ ದೊಡ್ಡವನಾಗುವವರೆಗೆ ಉಳಿದದ್ದು ಕೊಮೊಡಸ್ ಒಬ್ಬನೇ. ಟಂಕಸಾಲೆ ಮಾತ್ರ ಹುಟ್ಟಿದ್ದನ್ನಷ್ಟೇ ಲೆಕ್ಕ ಇಟ್ಟಿತು. ‘ಫೆಕುಂಡಿಟಾಸ್’ ಅಂದರೆ ಮಕ್ಕಳಾಗುವ ಭಾಗ್ಯ, ಅದನ್ನೇ ಒಬ್ಬ ದೇವಿ ಮಾಡಿ ನಾಣ್ಯದ ಮೇಲೆ ನಿಲ್ಲಿಸಿದರು. ಕಂಕುಳಲ್ಲಿ ಎರಡು ಕೂಸು, ಕಾಲ ಪಕ್ಕ ಎರಡು ಹೆಣ್ಣುಮಕ್ಕಳು. 161ರ ಆಗಸ್ಟ್‌ನಲ್ಲಿ ಅವಳಿ ಗಂಡುಮಕ್ಕಳು ಹುಟ್ಟಿದಾಗ ಸಿಂಹಾಸನದ ಮೇಲೆ ಎರಡು ಕೂಸುಗಳನ್ನು ಕೂರಿಸಿ ‘ಕಾಲದ ಸೌಭಾಗ್ಯ’ ಎಂದು ಬರೆದರು. ಇನ್ನೊಂದು ನಾಣ್ಯದಲ್ಲಿ ಆರು ಮಕ್ಕಳು ಒಟ್ಟಿಗೆ ಇದ್ದಾರೆ, ಎರಡು ತೋಳಲ್ಲಿ, ನಾಲ್ಕು ಸುತ್ತಮುತ್ತ. ಆ ಅವಳಿಗಳಲ್ಲಿ ಒಂದು ನಾಲ್ಕನೇ ವರ್ಷಕ್ಕೆ ಹೋಯಿತು. ಇನ್ನೊಂದು ಕೊಮೊಡಸ್. ಅವನು ಬದುಕಿ ಉಳಿದದ್ದೇ ರೋಮಿನ ದೌರ್ಭಾಗ್ಯ ಅನ್ನುವ ಇತಿಹಾಸಕಾರರೂ ಇದ್ದಾರೆ ಬಿಡಿ.

ನೀವು ಕೇಳಿದ ಪ್ರಶ್ನೆಗೆ ಮತ್ತೆ ಬರುತ್ತೇನೆ. ಜೂನೊ ಪಕ್ಕ ಫೌಸ್ಟಿನಾಳ ಹೆಸರು ಹಾಕಿದರೆ ಅವಳೇ ಜೂನೊ ಅಂತ ಅರ್ಥವಾ? ನಮ್ಮ ಕಡೆ ಹೊಸ ಸೊಸೆ ಸೇರು ಒದ್ದು ಒಳಗೆ ಬಂದಾಗ ‘ಮನೆಗೆ ಲಕ್ಷ್ಮಿ ಬಂದಳು’ ಅನ್ನುತ್ತೇವೆ. ಆ ಹುಡುಗಿ ಹಾಲ್ಗಡಲಲ್ಲಿ ಹುಟ್ಟಿದವಳು ಅಂತ ಯಾರೂ ನಂಬಿರುವುದಿಲ್ಲ. ಹಾಗಂತ ಸುಮ್ನೆ ಬಾಯಿಮಾತಿಗೆ ಅಂದದ್ದೂ ಅಲ್ಲ. ರೋಮ್ ನಗರದ ನಾಣ್ಯಗಳು ಬದುಕಿರುವ ರಾಣಿಯನ್ನು ಹೆಚ್ಚುಕಡಿಮೆ ಇದೇ ಸಲಿಗೆಯಲ್ಲಿ ದೇವಿಯ ಪಕ್ಕ ನಿಲ್ಲಿಸುತ್ತವೆ. ‘ಇವಳೇ ಅವಳು’ ಅನ್ನುವುದಿಲ್ಲ. ಇವಳ ಬೆನ್ನಿಗೆ ಅವಳಿದ್ದಾಳೆ ಅನ್ನುತ್ತವೆ. ನಾಣ್ಯದಲ್ಲಿ ಅಕ್ಷರಶಃ ಬೆನ್ನಿಗೇ ಇದ್ದಾಳಲ್ಲ.

ಪೂರ್ವದ ಗ್ರೀಕ್ ಊರುಗಳಿಗೆ ಇಷ್ಟು ಸಂಕೋಚ ಇರಲಿಲ್ಲ. ಈಗಿನ ಟರ್ಕಿಯಲ್ಲಿರುವ ಪೆರ್ಗಮಾನ್ ನಗರ ರೋಮಿನ ಮೊದಲ ಚಕ್ರವರ್ತಿ ಆಗಸ್ಟಸ್‌ನ ಕಾಲದಲ್ಲೇ ಒಂದು ಸಣ್ಣ ಕಂಚಿನ ನಾಣ್ಯ ಹೊಡೆಯಿತು. ಒಂದು ಬದಿ ಅವನ ಹೆಂಡತಿ ಲಿವಿಯಾ, ಇನ್ನೊಂದು ಬದಿ ಮಗಳು ಜೂಲಿಯಾ. ಒಬ್ಬಳಿಗೆ ‘ಲಿವಿಯಾ ಹೀರಾ’, ಇನ್ನೊಬ್ಬಳಿಗೆ ‘ಜೂಲಿಯಾ ಆಫ್ರೊಡೈಟಿ’ ಅಂತ ಗ್ರೀಕಿನಲ್ಲಿ ನೇರವಾಗಿ ಬರೆದುಬಿಟ್ಟರು. ಹೀರಾ ಅಂದರೆ ಜೂನೊಳ ಗ್ರೀಕ್ ಹೆಸರು. ಅದೇ ಲಿವಿಯಾ ರೋಮಿನ ನಾಣ್ಯದಲ್ಲಿ ಬರುವಾಗ ಎಷ್ಟು ನಾಚಿಕೆ ನೋಡಿ. ಅವಳ ಮಗ ಟಿಬೇರಿಯಸ್ 22-23ರಲ್ಲಿ ಹೊಡೆಸಿದ ಹಿತ್ತಾಳೆ ನಾಣ್ಯದಲ್ಲಿ ಒಬ್ಬ ಹೆಂಗಸಿನ ಸೊಗಸಾದ ತಲೆ ಇದೆ, ಕೆಳಗೆ ‘ಸಾಲುಸ್ ಆಗಸ್ಟಾ’ ಎಂದಿದೆ. ಸಾಲುಸ್ ಅಂದರೆ ಆರೋಗ್ಯದ ದೇವಿ. ಅದೇ ಹೊತ್ತಿಗೆ, 22ರಲ್ಲಿ, ಎಂಬತ್ತರ ಹತ್ತಿರದ ಲಿವಿಯಾ ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಬಂದಿದ್ದಳು, ಮಗ ಊರಿಗೆ ಓಡಿ ಬಂದಿದ್ದ. ಹಾಗಾದರೆ ನಾಣ್ಯದಲ್ಲಿರುವುದು ದೇವಿಯಾ, ಗುಣವಾದ ಮುದುಕಿಯಾ? ಮುಖ ಮುದುಕಿಯದಂತೂ ಅಲ್ಲ. ಆದರೆ ಕೂದಲು ಲಿವಿಯಾಳದು. ಪಂಡಿತರು ಈಗಲೂ ಜಗಳ ಆಡುತ್ತಾರೆ. ನನ್ನ ಮಟ್ಟಿಗೆ, ಕೆತ್ತಿದವನು ಬೇಕಂತಲೇ ಹೆಸರು ಹಾಕದೆ ಬಿಟ್ಟಿದ್ದಾನೆ.

ಟಿಬೇರಿಯಸ್ ನಂತರ ಕಲಿಗುಲಾ ಚಕ್ರವರ್ತಿಯಾಗಿ ಬಂದ ಮೇಲೆ ನಾಚಿಕೆಯೂ ಹೋಯಿತು. 37-38ರಲ್ಲಿ ಅವನು ಹೊಡೆಸಿದ ದೊಡ್ಡ ನಾಣ್ಯದಲ್ಲಿ ಅವನ ಮೂವರು ತಂಗಿಯರು ಸಾಲಾಗಿ ನಿಂತಿದ್ದಾರೆ, ಪ್ರತಿಯೊಬ್ಬಳ ಪಕ್ಕ ಹೆಸರು: ಅಗ್ರಿಪ್ಪಿನಾ, ಡ್ರುಸಿಲ್ಲಾ, ಜೂಲಿಯಾ. ಕೈಯಲ್ಲಿ ಹಿಡಿದದ್ದು ದೇವಿಯರ ಸಾಮಾನು. ಒಬ್ಬಳು ಕಂಬಕ್ಕೆ ಒರಗಿದ ‘ಭದ್ರತೆ’, ಒಬ್ಬಳು ಬಟ್ಟಲು ಹಿಡಿದ ‘ಒಮ್ಮತ’, ಇನ್ನೊಬ್ಬಳು ದೋಣಿಯ ಚುಕ್ಕಾಣಿ ಹಿಡಿದ ‘ಅದೃಷ್ಟ’. 38ರಲ್ಲೇ ಡ್ರುಸಿಲ್ಲಾ ಸತ್ತಳು, ಅಣ್ಣ ಅವಳನ್ನು ದೇವಿ ಎಂದು ಸಾರಿದ. ರೋಮಿನಲ್ಲಿ ಸರ್ಕಾರದ ಆಜ್ಞೆಯಿಂದ ದೇವಿಯಾದ ಮೊದಲ ಹೆಂಗಸು ಅವಳು. 39ರಲ್ಲಿ ಉಳಿದಿಬ್ಬರು ತಂಗಿಯರನ್ನು ಗಡಿಪಾರು ಮಾಡಿದ. ನಾಣ್ಯ ಮಾತ್ರ ಸಂತೆಯಲ್ಲಿ ಓಡಾಡುತ್ತಲೇ ಇತ್ತು.

ದೇವಿಯಾಗಿಸುವ ಕೆಲಸ ಒಂದು ಪದ್ಧತಿಯಾಗಿ ನಿಂತದ್ದು ಫೌಸ್ಟಿನಾ ಮನೆತನದ ಕಾಲಕ್ಕೆ. ತಾಯಿ ಫೌಸ್ಟಿನಾ 140ರಲ್ಲಿ ತೀರಿಕೊಂಡಳು. ಗಂಡ ಆಂಟೊನಿನಸ್ ಇನ್ನೂ ಇಪ್ಪತ್ತು ವರ್ಷ ಬದುಕಿದ, ಅಷ್ಟೂ ಕಾಲ ಅವಳ ಹೆಸರಲ್ಲಿ ನಾಣ್ಯ ಹೊಡೆಸಿದ. ಬದುಕಿದ್ದಾಗ ಬಂದದ್ದಕ್ಕಿಂತ ಸತ್ತ ಮೇಲೆ ಬಂದ ನಾಣ್ಯಗಳೇ ಎಷ್ಟೋ ಪಾಲು ಜಾಸ್ತಿ. ರೋಮಿನ ಹಳೆಯ ಪೇಟೆಯ ನಡುವೆ, ಫೋರಮ್‌ನಲ್ಲಿ, ಅವಳಿಗೊಂದು ಗುಡಿ ಕಟ್ಟಿಸಿದ. ಮುಂದೆ ಅವನೂ ಅದೇ ಗುಡಿ ಸೇರಿದ. ಕಂಬಗಳು ಇವತ್ತಿಗೂ ನಿಂತಿವೆ, ಒಳಗೆ ಈಗ ಚರ್ಚ್ ಇದೆ. ಮುಂದಿನ ಸಾಲಿನ ಕಂಬಗಳ ಮೇಲೆ ದೊಡ್ಡ ಅಕ್ಷರಗಳಲ್ಲಿ ಇಬ್ಬರ ಹೆಸರು, ಕೊನೆಯಲ್ಲಿ ‘ಎಸ್ ಸಿ’ ಇದೆ. ಅಳಿಯಂದಿರು ಮತ್ತೆ ಇಟಲಿ ಕಡೆ ಹೋದರೆ ಅದರ ಫೋಟೊ ತೆಗೆಯಲು ಹೇಳಿ. ನಿಮ್ಮ ನಾಣ್ಯದ ಎಸ್ ಸಿ ಕೂಡ ಅದೇ. ‘ಸೆನಾಟುಸ್ ಕೊನ್ಸುಲ್ಟೊ’, ಸೆನೆಟ್ ಸಭೆಯ ತೀರ್ಮಾನದಂತೆ ಅಂತ. ರೋಮಿನ ಚಿನ್ನ ಬೆಳ್ಳಿ ನಾಣ್ಯದಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ, ಹಿತ್ತಾಳೆ ತಾಮ್ರದವುಗಳ ಮೇಲೆ ಮಾತ್ರ.

ಮಗಳು ಫೌಸ್ಟಿನಾ ಗಂಡನ ಜೊತೆ ದಂಡಯಾತ್ರೆಗೂ ಹೋದವಳು. ಅದಕ್ಕೇ ‘ಪಾಳೆಯದ ತಾಯಿ’ ಅನ್ನುವ ಬಿರುದು ಸಿಕ್ಕಿತು. 175ರ ಸುಮಾರಿಗೆ, ಟಾರಸ್ ಬೆಟ್ಟಗಳ ಬುಡದ ಹಲಾಲಾ ಅನ್ನುವ ಹಳ್ಳಿಯಲ್ಲಿ, ಪ್ರಯಾಣದ ನಡುವೆಯೇ ತೀರಿಕೊಂಡಳು. ಮಾರ್ಕಸ್ ಆ ಹಳ್ಳಿಯನ್ನೇ ಪಟ್ಟಣ ಮಾಡಿ ಗುಡಿ ಕಟ್ಟಿಸಿದ. ರೋಮಿನಲ್ಲಿ ಗಂಡಹೆಂಡಿರ ಬೆಳ್ಳಿ ಮೂರ್ತಿ ಇಟ್ಟು, ಮದುವೆಯಾಗುವ ಜೋಡಿಗಳು ಪೂಜೆ ಸಲ್ಲಿಸಲಿ ಅಂತ ಒಂದು ಪೀಠ ಮಾಡಿದರು. ಅವಳ ನಡತೆ ಬಗ್ಗೆ ಆಮೇಲಿನವರು ಗ್ಲಾಡಿಯೇಟರ್‌ಗಳನ್ನೆಲ್ಲ ಸೇರಿಸಿ ಏನೇನೋ ಬರೆದಿದ್ದಾರೆ. ಗಂಡ ತನ್ನ ಖಾಸಗಿ ಟಿಪ್ಪಣಿಯಲ್ಲಿ ಇಂಥ ಪ್ರೀತಿಯ, ಸರಳ ಹೆಂಡತಿ ಸಿಕ್ಕಿದ್ದಕ್ಕೆ ದೇವರಿಗೆ ಋಣಿ ಎಂದು ಬರೆದುಕೊಂಡಿದ್ದಾನೆ. ನಾನು ಗಂಡನ ಕಡೆ.

ಸತ್ತ ಮೇಲಿನ ಅವಳ ನಾಣ್ಯಗಳಲ್ಲಿ ಒಂದರ ಮೇಲೆ ‘ನಕ್ಷತ್ರಗಳ ನಡುವೆ ಸೇರಿದವಳು’ ಎಂದಿದೆ. ಇನ್ನೊಂದು ಬಗೆಯಲ್ಲಿ ನವಿಲು ರೆಕ್ಕೆ ಬಿಚ್ಚಿ ಹಾರುತ್ತಿದೆ, ಅದರ ಬೆನ್ನ ಮೇಲೆ ಫೌಸ್ಟಿನಾ ಕೂತಿದ್ದಾಳೆ. ನಿಮ್ಮ ನಾಣ್ಯದಲ್ಲಿ ಜೂನೊಳ ಕಾಲ ಬಳಿ ನಿಂತಿರುವುದು ಇದೇ ಹಕ್ಕಿ. ಬದುಕಿದ್ದಾಗ ದೇವಿಯ ಪಕ್ಕದಲ್ಲಿ ಇದ್ದದ್ದು, ಸತ್ತ ಮೇಲೆ ಇವಳಿಗೇ ವಾಹನವಾಯಿತು. ಚಕ್ರವರ್ತಿಗಳಿಗೆ ಹದ್ದು, ರಾಣಿಯರಿಗೆ ನವಿಲು. ವಾಹನ ಅಂದ್ರೆ ಏನು ಅಂತ ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ. ಯುರೋಪಿನ ಗೆಳೆಯರಿಗೆ ಇದನ್ನು ವಿವರಿಸಲು ನನಗೆ ಅರ್ಧ ಗಂಟೆ ಹಿಡಿದಿತ್ತು.

ಮುಂದೆ ಇನ್ನೊಂದೆರಡು ನಾಣ್ಯ ಕೊಳ್ಳುವ ಆಸೆ ಬಂದರೆ (ಬರುತ್ತದೆ, ಇದು ಅಂಟುರೋಗ) ದೇವಿಯರ ಕೈ ನೋಡುವುದನ್ನು ರೂಢಿ ಮಾಡಿಕೊಳ್ಳಿ. ವೀಣೆ ಇದ್ದರೆ ಸರಸ್ವತಿ, ಕಾಲಡಿ ಕೋಣ ಇದ್ದರೆ ಮಹಿಷಮರ್ದಿನಿ ಅಂತ ಗೊತ್ತು ಹಿಡಿಯುತ್ತೇವಲ್ಲ, ಅಲ್ಲೂ ಅದೇ ಲೆಕ್ಕ. ಗೋಧಿ ತೆನೆ ಮತ್ತು ಪಂಜು ಇದ್ದರೆ ಬೆಳೆಯ ದೇವಿ ಸೆರೆಸ್. ಸೇಬು ಹಿಡಿದಿದ್ದರೆ ವೀನಸ್. ಹಾವಿಗೆ ಬಟ್ಟಲಲ್ಲಿ ಉಣಿಸುತ್ತಿದ್ದರೆ ಸಾಲುಸ್, ನಾಗರಪಂಚಮಿ ನೆನಪಾಗುತ್ತದೆ. ಸಿಂಹಗಳ ನಡುವೆ ಕೂತು ದಮ್ಮಡಿಯಂಥ ವಾದ್ಯ ಹಿಡಿದವಳು ಮಹಾಮಾತೆ ಸಿಬೆಲೆ. ಸಣ್ಣ ಸೌಟಿನಂಥದ್ದು ಹಿಡಿದವಳು ಒಲೆಯ ಬೆಂಕಿ ಕಾಯುವ ವೆಸ್ಟಾ. ತಕ್ಕಡಿ ಇದ್ದರೆ ಮೊನೆಟಾ ಇರಬಹುದು. ಅದು ಜೂನೊಳದೇ ಇನ್ನೊಂದು ಹೆಸರು. ರೋಮಿನ ಹಳೆಯ ಟಂಕಸಾಲೆ ಇದ್ದದ್ದು ಜೂನೊ ಮೊನೆಟಾ ಗುಡಿಯ ಪಕ್ಕ. ನಾವು ದಿನಾ ಬಳಸುವ ‘ಮನಿ’ ಅನ್ನುವ ಮಾತು ಅಲ್ಲಿಂದ ಬಂತು. ನಿಮ್ಮ ನವಿಲಿನ ದೇವಿ ಒಂದು ರೀತಿಯಲ್ಲಿ ಎಲ್ಲರ ಪರ್ಸಿನಲ್ಲೂ ಇದ್ದಾಳೆ.

ಆಮೇಲಿನ ರಾಣಿಯರ ವಿಷಯ ಬೇಗ ಮುಗಿಸುತ್ತೇನೆ. ಸಿರಿಯಾದ ಎಮೆಸಾದಿಂದ ಬಂದ ಜೂಲಿಯಾ ಡೊಮ್ನಾಳ ಕೂದಲು ಹೆಲ್ಮೆಟ್ ಹಾಕಿದಷ್ಟು ದಪ್ಪ, ಒಮ್ಮೆ ನೋಡಿದರೆ ಮರೆಯುವುದಿಲ್ಲ. ಚಕ್ರವರ್ತಿ ಕಾನ್‌ಸ್ಟಂಟೈನ್‌ನ ತಾಯಿ ಹೆಲೆನಾ ಮತ್ತು ಹೆಂಡತಿ ಫೌಸ್ಟಾ ಕಾಲಕ್ಕೆ ಕಂಚಿನ ನಾಣ್ಯ ಚಿಕ್ಕದಾಗಿ, ತೆಳ್ಳಗಾಗಿ ಹೋಗಿತ್ತು. ಫೌಸ್ಟಾಳ ನಾಣ್ಯದಲ್ಲಿ ತಾಯಿ ಎರಡು ಕೂಸು ಎತ್ತಿಕೊಂಡು ‘ರಾಜ್ಯದ ಕ್ಷೇಮ’ ಎಂದು ನಿಂತಿದ್ದಾಳೆ. 326ರಲ್ಲಿ ಗಂಡನೇ ಅವಳನ್ನು ಕೊಲ್ಲಿಸಿದ.

ಇನ್ನು ಲೋಹ. ನಿಮ್ಮ ಕಂಚಿನ ನಾಣ್ಯ ಕಂಚಲ್ಲ, ಹಿತ್ತಾಳೆ. ‘ಕಂಚು’ ಅನ್ನುವುದು ಸಂಗ್ರಾಹಕರ ಬಾಯಲ್ಲಿ ಚಿನ್ನ ಬೆಳ್ಳಿ ಬಿಟ್ಟ ಎಲ್ಲದಕ್ಕೂ ಸೇರಿ ಬಂದ ಹೆಸರು. ಇದರ ಹೆಸರು ಸೆಸ್ಟರ್ಷಿಯಸ್. ತಾಮ್ರಕ್ಕೆ ಸತು ಬೆರೆಸಿ ಮಾಡುತ್ತಿದ್ದರು. ಹೊಸದರಲ್ಲಿ ಆಗ ತಾನೆ ಬೆಳಗಿದ ಬಿಂದಿಗೆಯ ಹಾಗೆ ಹೊಳೆಯುತ್ತಿತ್ತು. ಹಳೆಯದನ್ನು ಕರಗಿಸಿ ಹೊಸದು ಮಾಡಿದಾಗೆಲ್ಲ ಸತು ಆವಿಯಾಗಿ ಹೋಗುತ್ತದೆ, ಹಾಗಾಗಿ ಫೌಸ್ಟಿನಾ ಕಾಲಕ್ಕೆ ಬಣ್ಣ ಸ್ವಲ್ಪ ಕೆಂಪಿಗೆ ತಿರುಗಿತ್ತು. ನಾಲ್ಕು ಸೆಸ್ಟರ್ಷಿಯಸ್ ಸೇರಿದರೆ ಒಂದು ಬೆಳ್ಳಿ ಡೆನಾರಿಯಸ್, ನೂರು ಸೇರಿದರೆ ಒಂದು ಚಿನ್ನದ ಆರಿಯಸ್. ಆಗಿನ ಸಾಮಾನ್ಯ ಸಿಪಾಯಿಯ ವರ್ಷದ ಸಂಬಳ 1200 ಸೆಸ್ಟರ್ಷಿಯಸ್. ಪೊಂಪೇಯಿಯ ಗೋಡೆಬರಹವೊಂದರ ಪ್ರಕಾರ ಅಲ್ಲಿನ ಹೆಂಡದಂಗಡಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ದ್ರಾಕ್ಷಾರಸಕ್ಕೆ ನಾಲ್ಕು ಆಸ್, ಅಂದರೆ ಸರಿಯಾಗಿ ಒಂದು ಸೆಸ್ಟರ್ಷಿಯಸ್.

ನೀವು ಶಿರಸಿಯವರು, ನಿಮಗೆ ಇನ್ನೊಂದು ಲೆಕ್ಕ ರುಚಿಸಬಹುದು. ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ಕಾಳುಮೆಣಸಿನ ಬೆಲೆ ಬರೆದಿಟ್ಟಿದ್ದಾನೆ. ಕರಿಮೆಣಸು ಒಂದು ರೋಮನ್ ಪೌಂಡಿಗೆ ನಾಲ್ಕು ಡೆನಾರಿಯಸ್. ಆ ಪೌಂಡು ಸುಮಾರು 327 ಗ್ರಾಂ, ನಾಲ್ಕು ಡೆನಾರಿಯಸ್ ಅಂದರೆ 16 ಸೆಸ್ಟರ್ಷಿಯಸ್. ಆ ಬೆಲೆಗೆ ನಿಮ್ಮ ನಾಣ್ಯಕ್ಕೆ 20 ಗ್ರಾಂ ಮೆಣಸು ಬರುತ್ತಿತ್ತು. ನಾಣ್ಯವೇ 24 ಗ್ರಾಂ ಇದೆ! ನಿಮ್ಮ ತಕ್ಕಡಿಯ ಒಂದು ಕಡೆ ನಾಣ್ಯ, ಇನ್ನೊಂದು ಕಡೆ ಮೆಣಸು ಇಟ್ಟು ನೋಡಿ. ಭಾರತ ವರ್ಷಕ್ಕೆ ಐದು ಕೋಟಿ ಸೆಸ್ಟರ್ಷಿಯಸ್‌ಗೆ ಕಡಿಮೆಯಿಲ್ಲದಂತೆ ನಮ್ಮ ದುಡ್ಡು ಹೀರುತ್ತಿದೆ ಎಂದು ಅದೇ ಪ್ಲಿನಿ ಗೊಣಗಿದ್ದಾನೆ.

ಹಾಗಂತ ಆ ಐದು ಕೋಟಿ ಇಂಥ ಹಿತ್ತಾಳೆ ಬಿಲ್ಲೆಗಳಾಗಿ ಬಂದಿಲ್ಲ. ಇಲ್ಲಿ ನಿಮ್ಮ ಪಕ್ಕದ ಮನೆಯವರ ಮಾತು. ಅವರು ಹೇಳಿದ್ದು ಅರ್ಧ ಸರಿ. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ರೋಮನ್ ನಾಣ್ಯ ಸಿಕ್ಕಿದೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೈಲ್ವೆ ಕೆಲಸಕ್ಕೆ ನೆಲ ಅಗೆಯುವಾಗ 163 ನಾಣ್ಯ ಸಿಕ್ಕವು. ಎಚ್‌ಎಎಲ್ ಹತ್ತಿರ 1965ರಲ್ಲಿ 256 ಸಿಕ್ಕವು. ಆದರೆ ಇವೆಲ್ಲ ಬೆಳ್ಳಿಯ ಡೆನಾರಿಯಸ್. ನಮ್ಮವರು ನಾಣ್ಯ ತೂಗಿ ಲೋಹಕ್ಕೆ ಬೆಲೆ ಕಟ್ಟುತ್ತಿದ್ದರು. ಹಿತ್ತಾಳೆ ನಾಣ್ಯಕ್ಕೆ ಬೆಲೆ ಬರುವುದು ಅದನ್ನು ಒಪ್ಪುವ ಸರ್ಕಾರ ಇರುವ ಕಡೆ ಮಾತ್ರ. ಅಷ್ಟು ಭಾರ ಹಡಗಿಗೆ ಹೇರಿಕೊಂಡು ಯಾರು ಬರುತ್ತಾರೆ? ತಮಿಳುನಾಡಿನ ಕರೂರು, ಮಧುರೆ ಕಡೆ ರೋಮನ್ ತಾಮ್ರದ ನಾಣ್ಯ ಸಿಗುವುದುಂಟು. ಅವು ನಾಲ್ಕು-ಐದನೇ ಶತಮಾನದ, ಉಗುರಿನಷ್ಟು ಚಿಕ್ಕ ಸವಕಲು ಚೂರುಗಳು. ಆದರೂ ರಾಣಿ-ದೇವಿ ಗೊಂದಲ ನಮ್ಮ ನೆಲಕ್ಕೂ ಬಂದಿದೆ ಅನ್ನಿ. ದಕ್ಷಿಣ ಭಾರತದಲ್ಲಿ ತುಂಬ ಸಿಗುವ ಟಿಬೇರಿಯಸ್‌ನ ಡೆನಾರಿಯಸ್‌ನಲ್ಲಿ ರೆಂಬೆ ಹಿಡಿದು ಕೂತ ಒಬ್ಬ ಹೆಂಗಸಿದ್ದಾಳೆ. ಅವಳು ಶಾಂತಿದೇವಿಯೋ, ಲಿವಿಯಾಳೋ ಅನ್ನುವ ಚರ್ಚೆ ಅಲ್ಲೂ ಇದೆ. ಆ ಬೆಳ್ಳಿ ನಾಣ್ಯದ ಹೆಸರೇ ಸಂಸ್ಕೃತಕ್ಕೆ ಬಂದು ‘ದೀನಾರ’ವಾಯಿತು.

ಪಕ್ಕದ ಮನೆಯವರಿಗೆ ಇನ್ನೊಂದು ಮಾತು ಹೇಳಿ. ಹೊಲದಲ್ಲೋ ಪಾಯ ತೆಗೆಯುವಾಗಲೋ ನಾಣ್ಯ ಸಿಕ್ಕರೆ ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು, 1878ರಿಂದ ಕಾನೂನು ಇದೆ. ನೂರು ವರ್ಷಕ್ಕಿಂತ ಹಳೆಯ ನಾಣ್ಯ 1972ರ ಕಾಯ್ದೆಯಲ್ಲಿ ಪುರಾವಸ್ತು. ಒಳಗೆ ಬಂದದ್ದನ್ನು ಕೂಡ ಅನುಮತಿಯಿಲ್ಲದೆ ಮತ್ತೆ ಹೊರದೇಶಕ್ಕೆ ಕಳಿಸುವಂತಿಲ್ಲ.

ಅಸಲಿಯಾ ಅನ್ನುವ ಪ್ರಶ್ನೆ. ತೂಕ, ಅಗಲ, ಅಕ್ಷರ, ಚಿತ್ರ ನಾಲ್ಕೂ ಒಂದಕ್ಕೊಂದು ಹೊಂದುತ್ತವೆ, ಅದು ಒಳ್ಳೆಯ ಲಕ್ಷಣ. ಆದರೆ ಫೋಟೊ ನೋಡಿ ಖಾತ್ರಿ ಹೇಳುವುದಿಲ್ಲ, ಹೇಳುವವರನ್ನು ನಂಬಲೂಬೇಡಿ. ಅಸಲಿ ನಾಣ್ಯ ಆಗಿರುವುದು ಹೀಗೆ: ಬಿಲ್ಲೆ ಕಾಯಿಸಿ, ಕೆಳಗೊಂದು ಅಚ್ಚು ಮೇಲೊಂದು ಅಚ್ಚು ಇಟ್ಟು, ಸುತ್ತಿಗೆಯಲ್ಲಿ ಹೊಡೆಯುವುದು. ಆ ಪೆಟ್ಟಿಗೆ ಲೋಹ ಹೊರಗೆ ಹರಿಯುತ್ತದೆ, ಅಂಚು ಅಲ್ಲಲ್ಲಿ ಬಿರಿಯುತ್ತದೆ, ಅಕ್ಷರದ ಬದಿ ಚೂಪಾಗಿ ಏಳುತ್ತದೆ. ನಕಲಿ ಹೆಚ್ಚಾಗಿ ಎರಕದ್ದು. ಅಚ್ಚಿಗೆ ಲೋಹ ಹೊಯ್ದದ್ದರಿಂದ ಮೈಮೇಲೆ ಸೂಜಿಮೊನೆಯಂಥ ಗುಳ್ಳೆಗಳು, ಸಾಬೂನು ಸವೆದ ಹಾಗೆ ಮೆತ್ತಗಿನ ಅಕ್ಷರ, ಅಂಚಿನ ಸುತ್ತ ಎರಡು ಅರ್ಧ ಸೇರಿದ ಗೆರೆ, ಅಥವಾ ಆ ಗೆರೆಯನ್ನು ಅರದಲ್ಲಿ ಉಜ್ಜಿದ ಗುರುತು. ನಕಲಿ ಮಾಡುವುದು ಹೊಸ ದಂಧೆಯೇನಲ್ಲ. ಹದಿನಾರನೇ ಶತಮಾನದಲ್ಲಿ ಪಡುವಾ ಊರಿನ ಜೊವಾನ್ನಿ ಕವಿನೊ ಮಾಡಿದ ಸೆಸ್ಟರ್ಷಿಯಸ್‌ಗಳು ಎಷ್ಟು ಚೆನ್ನಾಗಿವೆ ಅಂದರೆ, ಅವನ್ನೇ ಕೊಳ್ಳಲು ಈಗ ಜನ ಇದ್ದಾರೆ. ಇನ್ನೊಂದು ಮೋಸ ಇದಕ್ಕಿಂತ ನಯ. ನಾಣ್ಯ ಅಸಲಿಯೇ, ಸವೆದ ತುರುಬಿನ ಎಳೆಗಳನ್ನು ಮಾತ್ರ ಯಾರೋ ಈಚೆಗೆ ಉಳಿಯಲ್ಲಿ ಹೊಸದಾಗಿ ಗೀರಿರುತ್ತಾರೆ. ಮೂಗು ನೀವಿದಷ್ಟು ನುಣ್ಣಗೆ ಸವೆದಿದ್ದು, ಕೂದಲು ಮಾತ್ರ ನಿನ್ನೆ ಬಾಚಿದ ಹಾಗಿದ್ದರೆ ಅನುಮಾನ ಪಡಿ. ನಿಮ್ಮದರಲ್ಲಿ ಮೂಗು, ಕೂದಲು ಎರಡೂ ಒಂದೇ ಸಮ ಸವೆದಿವೆ. ಅಸಲಿಯಾದರೂ ಲಕ್ಷಗಟ್ಟಲೆ ಬೆಲೆ ಇರುವುದಿಲ್ಲ. ಫೌಸ್ಟಿನಾಳ ಸವೆದ ಸೆಸ್ಟರ್ಷಿಯಸ್ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ, ಅಷ್ಟೊಂದು ಹೊಡೆದಿದ್ದಾರೆ.

ಕೊನೆಗೆ ಹುಣಸೆಹಣ್ಣು. ಇಪ್ಪತ್ತು ವರ್ಷದ ಹಿಂದೆ ನಾನು ಕೊಂಡ ಮೊದಲ ರೋಮನ್ ತಾಮ್ರದ ನಾಣ್ಯವನ್ನು ರಾತ್ರಿ ನಿಂಬೆರಸದಲ್ಲಿ ನೆನೆಹಾಕಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಚರ್ಮ ಸುಲಿದ ಮಂಡಿಯ ಹಾಗೆ ಗುಲಾಬಿ ಬಣ್ಣ, ಮುಖವೇ ಇಲ್ಲ. ಸಾವಿರದ ಎಂಟುನೂರು ವರ್ಷ ಮಣ್ಣಲ್ಲಿದ್ದ ನಾಣ್ಯದ ಮೇಲ್ಪದರ ಹಸಿರೋ ಕಂದೋ ಆಗಿ ಗಟ್ಟಿಯಾಗಿರುತ್ತದೆ. ಎಷ್ಟೋ ಸಲ ಮೂಗು, ಕಣ್ಣು, ಅಕ್ಷರ ಉಳಿದಿರುವುದು ಆ ಪದರದಲ್ಲೇ. ಹುಳಿ ಅದನ್ನು ತಿಂದುಹಾಕುತ್ತದೆ. ಪಾತ್ರೆ ಬೆಳಗುವ ಪುಡಿ, ಕಬ್ಬಿಣದ ನಾರು ಇವೂ ಅಷ್ಟೆ.

ಆದರೆ ಎಲ್ಲ ಕಿಲುಬೂ ಒಂದೇ ಅಲ್ಲ. ಗಟ್ಟಿಯಾಗಿ, ನುಣುಪಾಗಿ, ಮೈಗಂಟಿಕೊಂಡ ಹಸಿರು ಇದ್ದರೆ ಅದು ನಾಣ್ಯದ ಅಂಗಿ, ಬಿಡಿ. ತೆಳು ಹಸಿರು, ಪುಡಿಪುಡಿ, ಹಲ್ಲುಕಡ್ಡಿ ಸೋಕಿಸಿದರೆ ಉದುರುತ್ತದೆ ಅನ್ನುವುದಾದರೆ ಅದು ರೋಗ. ಮಣ್ಣಿನ ಉಪ್ಪು ಲೋಹದೊಳಗೆ ಸೇರಿ, ತೇವ ಸಿಕ್ಕಾಗ ಒಳಗಿಂದ ಕೊರೆಯುತ್ತ ಹೋಗುತ್ತದೆ. ನಿಮ್ಮೂರಿನ ಮಳೆಗಾಲ ಅದಕ್ಕೆ ಹಬ್ಬ. ಹಾಗಿದ್ದರೆ ಪುಡಿಯನ್ನು ಮೆತ್ತಗಿನ ಬ್ರಶ್‌ನಲ್ಲಿ ಉದುರಿಸಿ, ನಾಣ್ಯವನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಮುಳುಗಿಸಿಡಿ, ಬ್ಯಾಟರಿಗೆ ಹಾಕುವ ನೀರು ಸಾಕು. ದಿನಾ ನೀರು ಬದಲಿಸುತ್ತ ಒಂದೆರಡು ವಾರ. ಆಮೇಲೆ ತೇವದ ಪಸೆ ಇಲ್ಲದ ಹಾಗೆ ಪೂರ್ತಿ ಒಣಗಿಸಿ. ಮತ್ತೆ ಪುಡಿ ಬಂದರೆ ಮನೆವೈದ್ಯ ನಿಲ್ಲಿಸಿ, ಮ್ಯೂಸಿಯಂ ವಸ್ತುಗಳನ್ನು ದುರಸ್ತಿ ಮಾಡುವವರಿಗೆ ತೋರಿಸಿ. ಇಡುವುದಕ್ಕೆ ಗಾಳಿಯಾಡದ ಸಣ್ಣ ಡಬ್ಬಿ, ಒಳಗೆ ಚಪ್ಪಲಿ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಆ ಸಿಲಿಕಾ ಜೆಲ್ ಪೊಟ್ಟಣ. ಪಿವಿಸಿ ಪ್ಲಾಸ್ಟಿಕ್ ಲಕೋಟೆ ಬೇಡ, ಅದೇ ಹುಳಿ ಬಿಡುತ್ತದೆ. ಹಿಡಿಯುವಾಗ ಅಂಚಿನಲ್ಲಿ ಹಿಡಿಯಿರಿ, ಅಡಿಕೆ ಸುಲಿದ ಕೈಯಲ್ಲಂತೂ ಮುಟ್ಟಬೇಡಿ.

ಡಬ್ಬಿಯೊಳಗೆ ಒಂದು ಚೀಟಿ ಬರೆದಿಡಿ: ಅಳಿಯ ಯಾವ ಊರಿನಲ್ಲಿ, ಯಾವ ವರ್ಷ, ಎಂಥ ಅಂಗಡಿಯಲ್ಲಿ ಕೊಂಡರು ಅಂತ. ಬಿಲ್ ಇದ್ದರೆ ಅದನ್ನೂ ಮಡಚಿ ಹಾಕಿ. ನನಗೆ ಇನ್ನೊಂದು ಫೋಟೊ ಬೇಕು, ಅಂಚಿನದು. ನಾಣ್ಯವನ್ನು ನಿಲ್ಲಿಸಿ, ಬೆಳಗಿನ ಬಿಸಿಲಲ್ಲಿ, ಸ್ವಲ್ಪ ಸ್ವಲ್ಪ ತಿರುಗಿಸುತ್ತ ನಾಲ್ಕು ಫೋಟೊ ತೆಗೆದು ಕಳಿಸಿ. ಮಳೆ ಹಿಡಿಯುವ ಮೊದಲೇ ಆದರೆ ಒಳ್ಳೆಯದು.